ಹಳೇ ಪಿಎಸ್‌ಸಿ ಸೇತುವೆ ಷಿಯರ್ ಲೆಕ್ಕದಲ್ಲಿ ಫೇಲ್, ಎಲ್ಲಿ ತಪ್ಪಿದೆ?

ಸಿಂಧನೂರು_ಸೈಟ್:
ಎಲ್ಲರಿಗೂ ನಮಸ್ಕಾರ. ಸಿಂಧನೂರು ಕಡೆ ಎಡದಂಡೆ ಕಾಲುವೆ ಮೇಲೊಂದು ಹಳೇ ಸೇತುವೆ, ಪೋಸ್ಟ್ ಟೆನ್ಷನ್ ಗರ್ಡರ್, ಅಂದರೆ ಒಳಗಿನ ಉಕ್ಕಿನ ಕೇಬಲ್ ಎಳೆದು ಬಿಗಿದು ಒತ್ತಡ (ಪ್ರಿಸ್ಟ್ರೆಸ್) ಕೊಟ್ಟ ಕಾಂಕ್ರೀಟ್ (ಪಿಎಸ್‌ಸಿ) ತೊಲೆ. ವೆಬ್ (ತೊಲೆಯ ನಿಂತ ಗೋಡೆ) ದಪ್ಪ 200 ಮಿ.ಮೀ., ಕೇಬಲ್ ಡಕ್ಟ್ (ಕೇಬಲ್ ಹಾಯುವ ಕೊಳವೆ) ವ್ಯಾಸ 75 ಮಿ.ಮೀ. ಭತ್ತದ ಸೀಸನ್‌ನಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತವೆ. ಐಆರ್‌ಸಿ 112 (ಕಾಂಕ್ರೀಟ್ ಸೇತುವೆಗಳ ಕೋಡ್) ಪ್ರಕಾರ ಬೆಂಡಿಂಗ್‌ಗೆ (ಬಾಗುವಿಕೆ) ಆರಾಮಾಗಿ ಪಾಸು, ಬೇರಿಂಗ್ (ಗರ್ಡರ್ ಕೂತಿರುವ ಆಧಾರ) ಪಕ್ಕ ಷಿಯರ್‌ಗೆ (ಅಡ್ಡ ಕತ್ತರಿಸುವ ಬಲ) ಫೇಲು. ಷಿಯರ್ ತಡೆಯೋ ಕಬ್ಬಿಣದ ರಿಂಗ್ ತುಂಬಾ ದೂರ ದೂರ ಇವೆ, ಅವನ್ನಷ್ಟೇ ಲೆಕ್ಕಕ್ಕೆ ತಗೊಂಡೆ. ಅಂಚಿನ ಗರ್ಡರ್‌ನಲ್ಲಿ ಒಂದು ಓರೆ ಬಿರುಕೂ ಇದೆ. ಸೇತುವೆ ಮುಚ್ಚಿಸಿ ಅಂತ ಬರೆಯಲಾ?

ಹಳೇಗರ್ಡರ್:
ತಮ್ಮಾ, ಗಾಬರಿ ಬೇಡ. ಬೇರಿಂಗ್ ಹತ್ತಿರ ಮೊಮೆಂಟ್ (ಬಾಗಿಸುವ ಬಲ) ಕಡಿಮೆ, ಅಲ್ಲಿ ಬೆಂಡಿಂಗ್ ಬಿರುಕು ಬರಲ್ಲ. ಆ ಭಾಗಕ್ಕೆ ಅದೇ ಕೋಡ್‌ನಲ್ಲಿ ಬೇರೆ ಸೂತ್ರವಿದೆ: ಕಾಂಕ್ರೀಟಿನ ಎಳೆತದ ಬಲ, ಪ್ರಿಸ್ಟ್ರೆಸ್ ಒತ್ತಡ ಎರಡೂ ಒಳಗೆ ಬರುತ್ತವೆ. ಓರೆಯಾಗಿ ಮೇಲೇರುವ ಕೇಬಲ್ ಕೂಡ ಒಂದಷ್ಟು ಷಿಯರ್ ಹೊರುತ್ತದೆ, ಅದನ್ನೂ ಸೇರಿಸು. ರಿಂಗ್ ಒಂದನ್ನೇ ನಂಬಿದರೆ ಆ ಕಾಲದ ಎಷ್ಟೋ ಸೇತುವೆ ಫೇಲೇ!

ಆದರೆ ವೆಬ್ ಪೂರ್ತಿ 200 ಹಿಡಿಯಬೇಡ. ಗ್ರೌಟ್ (ಸಿಮೆಂಟ್ ಹಾಲು) ತುಂಬಿದ ಡಕ್ಟ್ ಆದರೆ ವ್ಯಾಸದ ಅರ್ಧ ಕಳೆ, 162 ಉಳಿಯುತ್ತೆ. ಖಾಲಿ ಇದ್ದರೆ ವ್ಯಾಸದ 1.2 ಪಟ್ಟು ಕಳೆ, ಬರೀ 110. ಡಕ್ಟ್ ತುಂಬಿದೆಯೋ ಖಾಲಿಯೋ, ಎಲ್ಲಾ ಅದರ ಮೇಲೇ ನಿಂತಿರೋದು.

ಬಿರುಕು ಯಾವ ಕಡೆ ಇಳಿದಿದೆ?

ಲೋಡ್_ಟೆಸ್ಟ್:
ಸುಮ್ನೆ ಸೇತುವೆ ಮೇಲೆ ಭಾರ ಇಟ್ಟು ಲೋಡ್ ಟೆಸ್ಟ್ ಮಾಡಿಸಿ. ಭಾರ ತೆಗೆದ 24 ಗಂಟೆಯಲ್ಲಿ ಬಾಗಿದ್ದು 85% ವಾಪಸ್ ಬಂದರೆ ಪಾಸ್.

ಹಳೇಗರ್ಡರ್:
ಅದು ಬಾಗೋದಕ್ಕೆ ಸರಿ. ಷಿಯರ್ ಹೇಳದೆ ಕೇಳದೆ ಹೋಗುತ್ತೆ, ಬಾಗಿದ್ದನ್ನು ಅಳೆಯೋ ಡಯಲ್ ಗೇಜಿಗೆ ಗೊತ್ತೇ ಆಗಲ್ಲ. ಕೇಬಲ್ ತುಕ್ಕೂ ಹಾಗೇ. 1985ರಲ್ಲಿ ವೇಲ್ಸ್‌ನಲ್ಲಿ ಇನಿಸ್-ಇ-ಗ್ವಾಸ್ ಸೇತುವೆ ಬಿದ್ದಿದ್ದು ಅದರಿಂದಲೇ.

ಸಿಂಧನೂರು_ಸೈಟ್:
ಸರ್, ಕಾಲುವೆಗೆ ನೀರು ಬಿಡೋದು ನಿಂತಿತ್ತು, ಇವತ್ತು ಕೆಳಗಿಳಿದು ನೋಡಿದೆ. ಬಿರುಕು ಗರ್ಡರ್ ತುದಿಯಲ್ಲಿ ಮೇಲಿಂದ ಶುರುವಾಗಿ ನಡುವಿನ ಕಡೆ ಇಳಿದಿದೆ. ಅಂಚಿಗೆ ಸುಣ್ಣದ ಹಾಗೆ ಬಿಳಿ ಕಲೆ, ಒಂದು ಕಡೆ ಕಂದು ಗೆರೆ.

ಹಳೇಗರ್ಡರ್:
ಹಂಗಾದ್ರೆ ಅದು ಷಿಯರ್ ಬಿರುಕಲ್ಲ. ಷಿಯರ್ ಬಿರುಕು ಬೇರಿಂಗ್ ಕಡೆಯಿಂದ ನಡುವಿನ ಕಡೆಗೆ ಮೇಲೇರುತ್ತೆ. ನಿನ್ನದು ಉಲ್ಟಾ, ಕೇಬಲ್ ದಾರಿಯಲ್ಲೇ ಇಳಿದಿದೆ. ಆ ಬಿಳಿ ಕಲೆ, ತುಕ್ಕಿನಂಥ ಕಂದು ಗೆರೆ ನೋಡಿದರೆ ಡಕ್ಟ್ ಒಳಗೆ ನೀರು ಹೊಕ್ಕಿರಬೇಕು. ರಾಡಾರ್‌ನಲ್ಲಿ ಡಕ್ಟ್ ಗುರುತಿಸಿ, ಕೇಬಲ್ ತುದಿ ಬಿಗಿದಿರುವ ಆಂಕರ್ ಹತ್ತಿರ ಎತ್ತರದ ಜಾಗದಲ್ಲಿ ಮೆಲ್ಲಗೆ ತೆರೆಸು. ಡ್ರಿಲ್ ಕೇಬಲ್‌ನ ತಂತಿಗೆ ತಾಗಲೇಬಾರದು. ತಂತಿ ತುಂಡಾಗಿದ್ದರೆ ವೆಬ್ ಅಗಲ ಮಾತ್ರವಲ್ಲ, ಪ್ರಿಸ್ಟ್ರೆಸ್ಸೂ ಓರೆ ಕೇಬಲ್‌ನ ಪಾಲೂ ಇಳಿಸಿ ಮತ್ತೆ ಲೆಕ್ಕ ಹಾಕಬೇಕು. ಅಲ್ಲಿವರೆಗೂ ಆ ಅಂಚಿನ ಗರ್ಡರ್ ಕಡೆ ಭಾರದ ಲಾರಿ ಬಿಡಬೇಡಿ ಅಂತ ಇಲಾಖೆಗೆ ಇವತ್ತೇ ಬರೆ.

ಸಿಂಧನೂರು_ಸೈಟ್:
ಪತ್ರ ಕೊಟ್ಟೆ ಸರ್. ಡಕ್ಟ್ ತೆರೆದ ಮೇಲೆ ಫೋಟೋ ಹಾಕುತ್ತೇನೆ. ಡಕ್ಟ್ ಖಾಲಿ ಅಂತಲೇ ವೆಬ್ 110 ಹಿಡಿದು ಲೆಕ್ಕ ಶುರು ಮಾಡಿದ್ದೇನೆ.