ಪದ ಬೇಕು: ‘ವಿಸಿಬಲ್ ಮೆಂಡಿಂಗ್’ – ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ಹಳೆ ಬಟ್ಟೆ ಸರಿಮಾಡಿಕೊಳ್ಳುವುದನ್ನು ಕಲಿಸುವ ಒಂದು ಶಿಬಿರಕ್ಕೆ ಬೋರ್ಡು ಮತ್ತು ಚಿಕ್ಕ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಕೈಪಿಡಿ ಹೆಚ್ಚುಕಡಿಮೆ ಮುಗಿಯಿತು. ಬೋರ್ಡಿನ ತಲೆಬರಹದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೂಲದಲ್ಲಿ ‘ವಿಸಿಬಲ್ ಮೆಂಡಿಂಗ್’ ಅಂತ ಇದೆ. ಹರಿದ ಜಾಗವನ್ನು ಮುಚ್ಚಿಡದೆ, ಬೇರೆ ಬಣ್ಣದ ದಾರದಲ್ಲಿ ಬೇಕೆಂದೇ ಕಾಣುವ ಹಾಗೆ ಸರಿಮಾಡುವುದು. ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಕೊಳ್ಳುವ ಮೊದಲು ಹೊಲಿದು ನೋಡಿ’ ಅಂತ ಬರುತ್ತದೆ. ಅದಕ್ಕೆ ತೊಂದರೆ ಇಲ್ಲ.

‘ತೇಪೆ’ ಹಾಕೋಣ ಅಂದರೆ ಭಯ. ಪೇಪರಿನಲ್ಲಿ ‘ತೇಪೆ ಹಚ್ಚುವ ಕೆಲಸ’ ಅಂದರೆ ಬೈಗುಳ. ‘ರಫು’ ಅಂದರೆ ಕಾಣದ ಹಾಗೆ ಮಾಡುವುದು, ಪೂರ್ತಿ ಉಲ್ಟಾ. ‘ದುರಸ್ತಿ’ ಅಂದರೆ ಪಂಪು, ಮೋಟಾರು ನೆನಪಾಗುತ್ತದೆ. ಯಂತ್ರಾನುವಾದ ‘ಗೋಚರ ದುರಸ್ತಿ’ ಅಂತ ಕೊಟ್ಟಿತು. ಅದನ್ನು ಬಾಗಿಲಿಗೆ ತೂಗುಹಾಕಿದರೆ ಒಬ್ಬರೂ ಒಳಗೆ ಬರುವುದಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ‘ಸಸ್ಟೈನಬಲ್’ ಹೊಲಿಗೆಗೆ ಸದ್ಯ ‘ಸುಸ್ಥಿರ ಹೊಲಿಗೆ’ ಅಂತ ಬರೆದಿದ್ದೇನೆ. ಓದಿದರೆ ಹೊಲಿಗೆ ಬಿಚ್ಚುವುದಿಲ್ಲ ಅಂತ ಗ್ಯಾರಂಟಿ ಕೊಟ್ಟ ಹಾಗಿದೆ. ಇದಕ್ಕೂ ಏನಾದರೂ ಹೊಳೆದರೆ ಹೇಳಿ. ರಾತ್ರಿ ಎಚ್ಚರ ಇರುತ್ತೇನೆ.

– ವಿ.

ಕೆ.ಎಸ್. ಬರೆದದ್ದು:

ಇಷ್ಟಕ್ಕೆ ರಾತ್ರಿ ಎಚ್ಚರ ಇರಬೇಕೇ? ‘ಮರುಹೊಲಿಗೆ’. ‘ಮರು’ ನಮ್ಮದು, ‘ಹೊಲಿಗೆ’ ನಮ್ಮದು. ‘ಪಾಲ್’ ಹಾಲಾದ ಹಾಗೆ ಹಳಗನ್ನಡದ ‘ಪೊಲಿ’ಯೇ ಇವತ್ತಿನ ‘ಹೊಲಿ’. ಸಾವಿರ ವರ್ಷದಿಂದ ಬಾಯಲ್ಲಿರುವ ಮಾತು.

ಕಾಣುವಂಥದ್ದು ಅನ್ನಲು ‘ತೋರು’ ಸೇರಿಸಿ. ತೋರುಬೆರಳು ಇದೆ, ತೋರುಹೊಲಿಗೆ ಯಾಕಾಗಬಾರದು? ಬೋರ್ಡಿಗೆ ‘ತೋರುಹೊಲಿಗೆ’, ಕೈಪಿಡಿಗೆ ‘ಮರುಹೊಲಿಗೆ’. ‘ಸುಸ್ಥಿರ’ ತೆಗೆದು ‘ಬಾಳಿಕೆ’ ಹಾಕಿ. ಶಿಬಿರವೂ ಬೇಡ, ‘ಕಮ್ಮಟ’ ಅನ್ನಿ. ಮುಗಿಯಿತು.

ಶಾ. ಬರೆದದ್ದು:

ಮುಗಿಯಲಿಲ್ಲ ಸರ್.

ತೋರುಬೆರಳು ಬೇರೆ ಏನನ್ನೋ ತೋರಿಸುವ ಬೆರಳು, ತಾನೇ ಎದ್ದು ಕಾಣುವ ಬೆರಳಲ್ಲ. ನಿಮ್ಮ ಲೆಕ್ಕದಲ್ಲಿ ತೋರುಹೊಲಿಗೆ ಅಂದರೆ ದಾರಿ ತೋರಿಸುವ ಹೊಲಿಗೆ.

‘ಮರುಹೊಲಿಗೆ’ಯೂ ಸರಿಯಲ್ಲ. ಬಿಚ್ಚಿಹೋದ ಹೊಲಿಗೆಯ ಮೇಲೆ ಮತ್ತೆ ಹೊಲಿದರೆ ಅದು ಮರುಹೊಲಿಗೆ. ಮೊಣಕೈಯಲ್ಲಿ ತೂತು ಬಿದ್ದರೆ? ಅಲ್ಲಿ ಮೊದಲು ಹೊಲಿಗೆಯೇ ಇರಲಿಲ್ಲವಲ್ಲ, ಮರು ಎಲ್ಲಿಂದ ಬಂತು?

ಎಂ. ಬರೆದದ್ದು:

ವಿ. ಮೇಡಂ, ನಾನು ಭಾಷೆಯವಳಲ್ಲ. ಹೊಲಿಯುವವಳು. ಇಲ್ಲಿ ಜಾಸ್ತಿ ಓದುತ್ತೇನೆ, ಬರೆಯುವುದು ಕಡಿಮೆ. ಆದರೆ ಇದನ್ನು ನೋಡಿ ಸುಮ್ನೆ ಕೂರಲಾಗಲಿಲ್ಲ. ಎರಡು ಬೇರೆ ಕೆಲಸಗಳನ್ನು ಎಲ್ಲರೂ ಒಂದೇ ಪದಕ್ಕೆ ತುರುಕುತ್ತಿದ್ದೀರಿ.

ಒಂದು ತೇಪೆ. ಬೇರೆ ಬಟ್ಟೆಯ ತುಂಡು ಇಟ್ಟು ಸುತ್ತ ಹೊಲಿಯುವುದು. ತುಂಡನ್ನು ಮೊದಲು ಒಗೆದು ಒಣಗಿಸಿಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಅದು ಕುಗ್ಗಿ ಸುತ್ತಲಿನ ಬಟ್ಟೆಯನ್ನೂ ಎಳೆಯುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಬೇಗ ಏಳುತ್ತದೆ. ದಾರ ಬಟ್ಟೆಗಿಂತ ಗಟ್ಟಿ ಇರಬಾರದು. ಎಳೆತ ಬಿದ್ದಾಗ ದಾರ ತುಂಡಾದರೆ ಮತ್ತೆ ಹೊಲಿಯಬಹುದು. ಗಟ್ಟಿ ದಾರ ಬಟ್ಟೆಯನ್ನೇ ಕತ್ತರಿಸಿದರೆ ಹೊಸ ತೂತು.

ಇನ್ನೊಂದು ರಫು. ಇಲ್ಲಿ ತುಂಡು ಬಟ್ಟೆ ಇಲ್ಲ, ಬರೀ ದಾರ. ತೂತಿನ ಅಂಚಿಗೆ ಸೂಜಿ ಹಾಕಬಾರದು, ಅಲ್ಲಿ ಬಟ್ಟೆ ಸವೆದಿರುತ್ತದೆ. ಸ್ವಲ್ಪ ಆಚೆ, ಗಟ್ಟಿ ಇರುವ ಕಡೆಯಿಂದ ಶುರುಮಾಡಿ ಉದ್ದಕ್ಕೆ ಎಳೆಗಳನ್ನು ಪಕ್ಕಪಕ್ಕ ಹಾಸುತ್ತಾ ಹೋಗಬೇಕು. ಸಾಲಿನ ತುದಿಯಲ್ಲಿ ತಿರುಗುವಾಗ ದಾರವನ್ನು ಒಂಚೂರು ಸಡಿಲ ಬಿಡಬೇಕು. ಬಿಗಿಯಾಗಿ ಎಳೆದರೆ ತೂತಿನ ಸುತ್ತ ನೆರಿಗೆ ಬೀಳುತ್ತದೆ. ಉದ್ದದ ಎಳೆ ಮುಗಿದ ಮೇಲೆ ಅಡ್ಡ ಎಳೆ: ಒಂದರ ಮೇಲೆ, ಒಂದರ ಕೆಳಗೆ, ಮುಂದಿನ ಸಾಲಿನಲ್ಲಿ ಅದರ ತಿರುವುಮುರುವು. ಒಳಗೆ ದುಂಡಗಿನ ಗಟ್ಟಿ ವಸ್ತು ಏನಾದರೂ ಇಟ್ಟುಕೊಂಡರೆ ಕೆಲಸ ಸಲೀಸು.

ನೋಡಿ, ಇದು ಹೊಲಿಗೆಯೇ ಅಲ್ಲ. ನೇಯ್ಗೆ. ಹಾಸು ಇದೆ, ಹೊಕ್ಕು ಇದೆ. ‘ಹಾಸುಹೊಕ್ಕು’ ಅಂತ ಭಾಷಣದಲ್ಲಿ ಹೇಳುತ್ತೀರಲ್ಲ, ಅದೇ. ಆದ್ದರಿಂದ ‘ಹೊಲಿಗೆ’ ಸೇರಿಸಿ ಏನೇ ಪದ ಕಟ್ಟಿದರೂ ಅರ್ಧ ಕೆಲಸ ಹೊರಗುಳಿಯುತ್ತದೆ.

ಮತ್ತೆ, ರಫು ಕಾಣಬಾರದು ಅಂತ ಎಲ್ಲೂ ನಿಯಮ ಇಲ್ಲ. ಅದೇ ಬಣ್ಣದ ದಾರ ಹಾಕಿದರೆ ಕಾಣುವುದಿಲ್ಲ, ಬೇರೆ ಬಣ್ಣ ಹಾಕಿದರೆ ಕಾಣುತ್ತದೆ. ‘ಬಣ್ಣದ ರಫು’ ಅಂದರೆ ಹೊಲಿಯುವವರಿಗೆಲ್ಲ ಅರ್ಥವಾಗುತ್ತದೆ.

ಕೆ.ಎಸ್. ಬರೆದದ್ದು:

‘ರಫು’ ಪಾರಸಿ. ಬೇಡ.

‘ಎಳೆನೆಯ್ಗೆ’ ಅನ್ನಿ. ಕೆಲಸ ನೇಯ್ಗೆ ಎಂದು ಎಂ. ಅವರೇ ಒಪ್ಪಿದ್ದಾರೆ.

ಶಾ. ಬರೆದದ್ದು:

ನೇಯ್ಗೆ ಎಲ್ಲವೂ ಎಳೆಯದ್ದೇ ಸರ್. ‘ಎಳೆನೆಯ್ಗೆ’ ಅಂದರೆ ‘ನೀರುಮಳೆ’ ಅಂದ ಹಾಗಾಯಿತು.

‘ರಫು’ ಅರಬ್ಬಿಯಿಂದ ಪಾರಸಿಗೆ ಬಂದು, ಅಲ್ಲಿಂದ ಉರ್ದು ಹಾದು ನಮ್ಮಲ್ಲಿಗೆ ಬಂದದ್ದು. ನಿಜ. ಆದರೆ ಅದೊಂದನ್ನೇ ಯಾಕೆ ಹೊರಗೆ ಹಾಕುತ್ತೀರಿ? ‘ದರ್ಜಿ’ ಪಾರಸಿ. ‘ಜೇಬು’, ‘ಕಿಸೆ’ ಎರಡೂ ಆ ಕಡೆಯಿಂದಲೇ ಬಂದವು. ‘ಇಸ್ತ್ರಿ’ ಪೋರ್ಚುಗೀಸ್. ‘ಕಾಜಾ’ ಕೂಡ ಅವರ ‘ಕಾಸಾ’ದಿಂದ. ಅವರಲ್ಲಿ ಆ ಪದಕ್ಕೆ ಮನೆ ಅಂತ ಅರ್ಥ, ಗುಂಡಿ ಹೋಗಿ ಕೂರುವ ತೂತಿಗೂ ಅದೇ ಪದ. ‘ಸೂಜಿ’ ಸಂಸ್ಕೃತದ ‘ಸೂಚೀ’. ಇವನ್ನೆಲ್ಲ ಬಿಚ್ಚಿಟ್ಟ ಮೇಲೆ ನಿಮ್ಮ ಮೈಮೇಲೆ ಏನು ಉಳಿಯುತ್ತದೆ?

ಕೆ.ಎಸ್. ಬರೆದದ್ದು:

ಗುಂಡಿ ಉಳಿಯುತ್ತದೆ. ‘ಗುಂಡು’, ‘ಗುಂಡಿ’, ‘ಗುಂಡಗೆ’. ಅಚ್ಚಗನ್ನಡ.

ಶಾ. ಬರೆದದ್ದು:

ಮರಾಠಿಯಲ್ಲೂ ‘ಗುಂಡಿ’, ಹಿಂದಿಯಲ್ಲಿ ‘ಘುಂಡಿ’. ಯಾರು ಯಾರಿಗೆ ಕೊಟ್ಟರು ಅಂತ ಕಾಗದಪತ್ರ ಇದ್ದರೆ ತೋರಿಸಿ.

ಆರ್.ಬಿ. ಬರೆದದ್ದು:

ಜೇಬಿನ ಮಾತು ಬಂದದ್ದರಿಂದ ಒಂದು ವಿಷಯ. ತ್ರಿಕೋನಮಿತಿಯ ‘ಸೈನ್’ ಬಂದದ್ದು ಇದೇ ಜೇಬಿನಿಂದ. ನಮ್ಮ ಗಣಿತದವರ ‘ಜ್ಯಾ’ಕ್ಕೆ ‘ಜೀವಾ’ ಅಂತಲೂ ಹೆಸರು. ಅದು ಅರಬ್ಬಿಗೆ ‘ಜೀಬಾ’ ಆಗಿ ಹೋಯಿತು. ಅಲ್ಲಿ ಸಾಮಾನ್ಯವಾಗಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಮುಂದೆ ಅದನ್ನೇ ‘ಜೈಬ್’ ಅಂತ ಓದಿದರು. ‘ಜೈಬ್’ ಅಂದರೆ ಉಡುಪಿನ ಎದೆಯ ಹತ್ತಿರದ ಮಡಿಕೆ. ಲ್ಯಾಟಿನ್‌ಗೆ ತಂದವರು ಅದನ್ನು ‘ಸೈನಸ್’ ಅಂತ ಅನುವಾದ ಮಾಡಿದರು. ಹೀಗೆ ಬಿಲ್ಲಿನ ಹೆದೆ ಹೋಗಿ ಬಟ್ಟೆಯ ಮಡಿಕೆ ಬಂತು. ಎರವಲು ಪದಗಳನ್ನು ಬಯ್ಯುವವರು ಇದನ್ನು ಒಮ್ಮೆ ಯೋಚಿಸಬೇಕು.

ವಿ. ಬರೆದದ್ದು:

ಚೆನ್ನಾಗಿದೆ ಸರ್, ನಿಜವಾಗಲೂ. ಆದರೆ ಬೋರ್ಡು?

ಎಂ. ಅವರೇ, ತುಂಬಾ ಉಪಕಾರವಾಯಿತು. ಕೈಪಿಡಿಯಲ್ಲಿ ಎರಡನ್ನೂ ‘ಮೆಂಡಿಂಗ್’ ಅಂತ ಒಂದೇ ಬುಟ್ಟಿಗೆ ಹಾಕಿದ್ದರು, ನಾನೂ ಹಾಗೇ ಬಿಟ್ಟಿದ್ದೆ. ಈಗ ತೇಪೆ, ರಫು ಬೇರೆ ಬೇರೆ ಮಾಡುತ್ತೇನೆ. ಎರಡಕ್ಕೂ ಸೇರಿ ತಲೆಬರಹ ಮಾತ್ರ ಇನ್ನೂ ಇಲ್ಲ.

ಎನ್. ಬರೆದದ್ದು:

ವಿ. ಅವರೇ, ನಿಮಗೆ ‘ತೇಪೆ’ಯ ಮೇಲೆ ಯಾಕಿಷ್ಟು ಭಯ? ಪೇಪರಿನವರು ರಸ್ತೆಗೆ, ರಾಜಕೀಯಕ್ಕೆ ಅಂಟಿಸಿದ ಅರ್ಥಕ್ಕೆ ಹೆದರಿ ಬಟ್ಟೆಯವರು ತಮ್ಮ ಪದ ಬಿಟ್ಟುಕೊಡಬೇಕೇ?

ಇಂಗ್ಲಿಷಿನ ‘ಮೆಂಡ್’ ಏನು ಮೊದಲಿನಿಂದಲೂ ಷೋಕಿಯ ಪದವಾಗಿತ್ತೇ? ಯುದ್ಧದ ಕಾಲದಲ್ಲಿ, 1941ರಿಂದ, ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಇತ್ತು. 1943ರಲ್ಲಿ ಅಲ್ಲಿನ ಸರ್ಕಾರವೇ ‘ಇದ್ದುದರಲ್ಲಿ ಹೊಂದಿಸಿಕೊಳ್ಳಿ, ಹರಿದದ್ದನ್ನು ಹೊಲಿದುಕೊಳ್ಳಿ’ ಅಂತ ಕೈಪಿಡಿ ಅಚ್ಚುಹಾಕಿ ಹಂಚಿತ್ತು. ಆಗ ಅದು ಬೇರೆ ದಾರಿ ಇಲ್ಲದವರ ಕೆಲಸ. ಈಗ ಅದೇ ಪದಕ್ಕೆ ‘ವಿಸಿಬಲ್’ ಸೇರಿಸಿ ಫ್ಯಾಷನ್ ಮಾಡಿದ್ದಾರೆ. ಪದ ಬದಲಾಗಲಿಲ್ಲ, ತೊಡುವವರು ಬದಲಾದರು. ‘ತೇಪೆ’ಗೂ ಅದೇ ಅವಕಾಶ ಕೊಡಿ.

ಇನ್ನೊಂದು ಮಾತು. ಬೋರ್ಡಿಗೆ ನಾಮಪದವೇ ಬೇಕು ಅಂತ ಹೇಳಿದವರು ಯಾರು? ಮೂಲದಲ್ಲಿ ನಾಮಪದ ಇದೆ ಅಂತ ಇಲ್ಲೂ ಒಂದನ್ನು ತಯಾರಿಸಲು ಹೋಗಿ ‘ಗೋಚರ’, ‘ತೋರು’ ಅಂತ ಒದ್ದಾಡುತ್ತಿದ್ದೀರಿ. ಕ್ರಿಯಾಪದ ಇಡಿ.

‘ತೇಪೆ ಕಾಣಲಿ ಬಿಡಿ!’

ಇಷ್ಟೇ. ಬೈಗುಳದ ಅರ್ಥವೂ ಅಲ್ಲೇ ತಿರುಗಿಬೀಳುತ್ತದೆ.

ಎಂ. ಬರೆದದ್ದು:

ಇದು ಚೆನ್ನಾಗಿದೆ! ರಫು ಬಿಟ್ಟುಹೋಯಿತು, ಆದರೆ ಬೋರ್ಡಿಗೆ ಪರವಾಗಿಲ್ಲ. ಒಳಗೆ ಬಂದವರಿಗೆ ನಾವೇ ಹೇಳಿಕೊಡುತ್ತೇವೆ.

ಕೆ.ಎಸ್. ಬರೆದದ್ದು:

ಪದ ಕೇಳಿದರೆ ಘೋಷಣೆ ಕೊಡುತ್ತೀರಿ. ನಾಳೆ ನಿಘಂಟಿನಲ್ಲಿ ‘ತೇಪೆ ಕಾಣಲಿ ಬಿಡಿ’ ಅಂತ ನಮೂದು ಹಾಕೋಣವೇ? ಕನ್ನಡದಲ್ಲಿ ಪದ ಕಟ್ಟುವ ಕಸುವು ಇಲ್ಲ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು.

‘ಬಾಳಿಕೆ’ಯ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ಅದಾದರೂ ಉಳಿಯಲಿ.

ಎನ್. ಬರೆದದ್ದು:

ತೆಗೆಯುತ್ತೇನೆ. ‘ಬಾಳಿಕೆ’ ಮುದ್ದಾದ ಪದ, ‘ಬಾಳಿಕೆ ಬರುವ ಬಟ್ಟೆ’ ಅಂತ ದಿನಾ ಹೇಳುತ್ತೇವೆ. ಆದರೆ ಇಲ್ಲಿ ಅರ್ಥ ಅಡ್ಡದಾರಿ ಹಿಡಿಯುತ್ತದೆ. ಪಾಲಿಯೆಸ್ಟರ್‌ಗಿಂತ ಬಾಳಿಕೆ ಬರುವ ಬಟ್ಟೆ ಬೇಕೇ? ಪೆಟ್ರೋಲಿಯಂನಿಂದ ಮಾಡಿದ್ದು. ಮಣ್ಣಿಗೆ ಹಾಕಿದರೆ ಹತ್ತಿಯ ಹಾಗೆ ಕೊಳೆಯುವುದಿಲ್ಲ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ಉದುರಿಸುತ್ತದೆ. ಬಾಳಿಕೆಯೇ ಅದರ ಕಾಟ.

ಹಾಗಂತ ಇರುವ ಪಾಲಿಯೆಸ್ಟರ್ ಅಂಗಿಯನ್ನು ಎಸೆದು ಹತ್ತಿಯದು ಕೊಳ್ಳಿ ಅಂತಲೂ ಕೈಪಿಡಿ ಹೇಳಬಾರದು ಅಲ್ವಾ? ಇರುವುದನ್ನು ಜಾಸ್ತಿ ದಿನ ತೊಡುವುದೇ ಇಲ್ಲಿನ ವಿಷಯ. ಅದಕ್ಕೆ ವಿಶೇಷಣ ಹುಡುಕಬೇಡಿ. ‘ಕಡಿಮೆ ಕೊಂಡು, ಹೊಲಿದು ತೊಡುವುದು’ ಅಂತ ಬಿಡಿಸಿ ಬರೆಯಿರಿ.

ಶಾ. ಬರೆದದ್ದು:

ಒಪ್ಪಿದೆ. ವಿ. ಅವರೇ, ಕೈಪಿಡಿಯಲ್ಲಿ ‘ಮರುಬಳಕೆ’ ಎಲ್ಲೆಲ್ಲಿದೆ ಅಂತ ಒಮ್ಮೆ ನೋಡಿ. ನಮ್ಮಲ್ಲಿ ‘ರೀಯೂಸ್’ಗೂ ಅದೇ, ‘ರೀಸೈಕಲ್’ಗೂ ಅದೇ. ಹಳೆ ಅಂಗಿಯನ್ನು ಹೊಲಿದು ತೊಟ್ಟರೂ ಮರುಬಳಕೆ, ಚಿಂದಿ ಮಾಡಿ ನೂಲು ತೆಗೆದರೂ ಮರುಬಳಕೆ. ಎರಡಕ್ಕೂ ಅಜಗಜಾಂತರ. ಬಟ್ಟೆ ತಯಾರಿಕೆಗೆ ಹೋಗುವ ಸಾಮಗ್ರಿಯಲ್ಲಿ ಮತ್ತೆ ಹೊಸ ಬಟ್ಟೆಯಾಗಿ ಬರುವುದು ಶೇ. 1ಕ್ಕಿಂತ ಕಡಿಮೆ ಅಂತ ಎಲೆನ್ ಮೆಕಾರ್ಥರ್ ಫೌಂಡೇಷನ್ 2017ರ ವರದಿಯಲ್ಲಿ ಹೇಳಿತ್ತು. ‘ಮರುಬಳಕೆಗೆ ಕೊಡಿ’ ಅಂತ ಬರೆದರೆ ಓದುವವರು ಹಳೆಯದನ್ನು ಡಬ್ಬಿಗೆ ಹಾಕಿ, ಮನಸ್ಸು ಹಗುರ ಮಾಡಿಕೊಂಡು, ಹೊಸದು ಕೊಳ್ಳಲು ಹೋಗುತ್ತಾರೆ. ಅಂಗಿಯಾಗೇ ಉಳಿದರೆ ‘ಮರುಬಳಕೆ’, ಕರಗಿಸಿ ಕತ್ತರಿಸಿ ಬೇರೆ ಮಾಡಿದರೆ ‘ಮರುತಯಾರಿ’ ಅಂತ ನಾನು ಬೇರೆ ಮಾಡುತ್ತೇನೆ.

ಕೆ.ಎಸ್. ಬರೆದದ್ದು:

‘ತಯಾರಿ’ ಅರಬ್ಬಿ ಮೂಲದ್ದು.

ಶಾ. ಬರೆದದ್ದು:

ಗೊತ್ತು.

ವಿ. ಬರೆದದ್ದು:

ಅಚ್ಚಿಗೆ ಕಳಿಸಿಬಿಟ್ಟೆ. ಬೋರ್ಡಿನಲ್ಲಿ ‘ತೇಪೆ ಕಾಣಲಿ ಬಿಡಿ!’, ಕೆಳಗೆ ‘ಕೊಳ್ಳುವ ಮೊದಲು ಹೊಲಿದು ನೋಡಿ’. ಕೈಪಿಡಿಯಲ್ಲಿ ತೇಪೆಗೆ ಒಂದು ಪುಟ, ಬಣ್ಣದ ರಫುಗೆ ಒಂದು ಪುಟ. ‘ಸುಸ್ಥಿರ’ ಹೋಯಿತು, ‘ಬಾಳಿಕೆ’ ಒಂದೇ ಕಡೆ ಉಳಿಯಿತು, ದಾರ ಆರಿಸುವ ಪ್ಯಾರಾದಲ್ಲಿ. ಕೆ.ಎಸ್. ಅವರೇ, ‘ಕಮ್ಮಟ’ ಇಟ್ಟುಕೊಂಡಿದ್ದೇನೆ, ಶಿಬಿರಕ್ಕಿಂತ ಅದೇ ಚೆನ್ನಾಗಿತ್ತು.

ಒಂದು ಅನುಮಾನ ಉಳಿದಿದೆ. ‘ರಫುಗೆ’ ಸರಿಯೋ ‘ರಫುವಿಗೆ’ ಸರಿಯೋ? ಅವಸರದಲ್ಲಿ ‘ರಫುಗೆ’ ಅಂತಲೇ ಹೋಗಿದೆ.

ಎನ್. ಬರೆದದ್ದು:

‘ಗುರುವಿಗೆ’, ‘ಹಸುವಿಗೆ’ ಅನ್ನುವ ಹಾಗೆ ‘ರಫುವಿಗೆ’ ಅನ್ನಬೇಕು. ಆದರೆ ಮಾತಿನಲ್ಲಿ ‘ರಫುಗೆ ಕೊಟ್ಟಿದ್ದೀನಿ’ ಅಂತಲೇ ಕೇಳಿದ್ದೇನೆ. ಕೊನೆಯ ಉಕಾರವನ್ನು ಬರೀ ಉಚ್ಚಾರಕ್ಕೆ ಅಂತ ಸೇರಿಸಿಕೊಂಡಿದ್ದರೆ ‘ಕಾರಿಗೆ’, ‘ಜೇಬಿಗೆ’ ಥರ ‘ರಫಿಗೆ’ ಆಗುತ್ತಿತ್ತು, ಅದಂತೂ ಆಗಿಲ್ಲ. ಮೂಲದಲ್ಲಿ ದೀರ್ಘ ಊಕಾರ ಇದೆ, ಅದಕ್ಕೇ ಗಟ್ಟಿಯಾಗಿ ನಿಂತಿದೆ.

ಕೆ.ಎಸ್. ಬರೆದದ್ದು:

ಎರವಲು ತಂದರೆ ವಿಭಕ್ತಿಗೂ ಪರದಾಟ. ‘ಕತ್ತರಿ’ಗೆ ಈ ತೊಂದರೆ ಇದೆಯೇ? ಇಲ್ಲ. ಯಾಕೆಂದರೆ ಅದು ‘ಕತ್ತಿ’ಯ ಕುಲದ್ದು, ದ್ರಾವಿಡ.

ಆರ್.ಬಿ. ಬರೆದದ್ದು:

‘ಕತ್ತರಿ’ ಸಂಸ್ಕೃತದ ‘ಕರ್ತರೀ’ಯ ತದ್ಭವ ಅಂತ ಶಾಲೆಯಲ್ಲೇ ಓದಿದ್ದೇವೆ ಸರ್. ರಕಾರ ಬಿದ್ದು ತಕಾರ ಇಮ್ಮಡಿಯಾಗಿದೆ. ಇದರಲ್ಲಿ ವಾದಕ್ಕೆ ಏನಿದೆ?

ಕೆ.ಎಸ್. ಬರೆದದ್ದು:

ಶಾಲೆಯಲ್ಲಿ ಓದಿದ್ದೆಲ್ಲ ನಿಜವಾದರೆ ಈ ಗುಂಪೇ ಬೇಕಿರಲಿಲ್ಲ. ತಮಿಳಿನಲ್ಲಿ ‘ಕತ್ತರಿ’, ತೆಲುಗಿನಲ್ಲಿ ‘ಕತ್ತೆರ’. ಎಲ್ಲರೂ ಒಟ್ಟಿಗೆ ಕೂತು ರಕಾರ ಬೀಳಿಸಿದರೇ?

ಶಾ. ಬರೆದದ್ದು:

ಕತ್ತರಿಗೆ ಬೇರೆ ಓಲೆ ಶುರುಮಾಡಿ. ಇದರ ತಲೆಬರಹ ಇನ್ನೂ ‘ವಿಸಿಬಲ್ ಮೆಂಡಿಂಗ್’ ಅಂತಲೇ ಇದೆ.