ಯೊರುಬಾ, ಇಗ್ಬೊ ಭಾಷೆಗಳು ಕ್ವಾ ಗುಂಪಿನವೇ?

ಪ್ರಶ್ನೆ: ನಮಸ್ಕಾರ ಮೇಡಂ. ನೈಜೀರಿಯಾದ ಯೊರುಬಾ ಮತ್ತು ಇಗ್ಬೊ ಕ್ವಾ ಗುಂಪಿನ ಭಾಷೆಗಳೆಂದು ನನ್ನಲ್ಲಿರುವ ಹಳೆಯ ವಿಶ್ವಕೋಶ ಹೇಳುತ್ತದೆ. ಈಚಿನ ಪುಸ್ತಕಗಳಲ್ಲಾದರೋ ಆ ಗುಂಪಿನಲ್ಲಿ ಘಾನಾದ ಅಕಾನ್, ಗಾ, ಎವೆ ಮೊದಲಾದವು ಇವೆಯೇ ಹೊರತು ಇವೆರಡೂ ಇಲ್ಲ. ಯಾವುದನ್ನು ನಂಬಬೇಕು?

ಉತ್ತರ: ಈಚಿನದನ್ನು ನಂಬಿ, ಆದರೆ ನಿಮ್ಮ ವಿಶ್ವಕೋಶವೂ ಅದರ ಕಾಲದ ಒಪ್ಪಿತ ಮಾತನ್ನೇ ಹೇಳಿದೆ. ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಪ್ರಕಟಿಸಿದ ಆಫ್ರಿಕಾದ ಭಾಷೆಗಳ ವರ್ಗೀಕರಣದಲ್ಲಿ ಲೈಬೀರಿಯಾದ ಕಡೆಯ ಕ್ರು ಭಾಷೆಗಳಿಂದ ಹಿಡಿದು ಇಗ್ಬೊವರೆಗೆ, ನೈಜರ್ ನದೀಮುಖದ ಇಜೊವನ್ನೂ ಸೇರಿಸಿಕೊಂಡು, ಗಿನಿ ಕರಾವಳಿಯ ಬಹುಪಾಲು ಭಾಷೆಗಳು ಕ್ವಾ ಎಂಬ ಒಂದೇ ಹೆಸರಿನಡಿ ಇದ್ದವು. ಅವುಗಳಲ್ಲಿ ಹೋಲಿಕೆ ಕಾಣುವುದು ಸಹಜವೇ: ದನಿಯ ಏರಿಳಿತದಿಂದ ಪದದ ಅರ್ಥ ಬದಲಾಗುತ್ತದೆ, ‘ಚಾಕು ತೆಗೆದುಕೊಂಡು ಹಣ್ಣು ಕತ್ತರಿಸಿದ’ ಎನ್ನುವಲ್ಲಿ ನಮಗೆ ಬೇಕಾಗುವ ‘ಕೊಂಡು’ವಿನಂಥ ಕೊಂಡಿಯಿಲ್ಲದೆ ಎವೆ, ಯೊರುಬಾಗಳಲ್ಲಿ ಕ್ರಿಯಾಪದಗಳು ಸಾಲಾಗಿ ನಿಲ್ಲುತ್ತವೆ. ಆದರೆ ಇಂಥ ಲಕ್ಷಣಗಳು ನೆರೆಹೊರೆಯ ಒಡನಾಟದಿಂದಲೂ ಹರಡುತ್ತವೆಯಾದ್ದರಿಂದ, ಇವುಗಳಿಂದಲೇ ಹತ್ತಿರದ ಬಂಧುತ್ವ ಸಾಬೀತಾಗದು. 1977ರಲ್ಲಿ ಬೆನೆಟ್ ಮತ್ತು ಸ್ಟರ್ಕ್ ಎಂಬ ಭಾಷಾವಿಜ್ಞಾನಿಗಳು ಈ ವರ್ಗೀಕರಣವನ್ನು ಮರುಪರಿಶೀಲಿಸಿದ ಮೇಲೆ ಯೊರುಬಾ, ಇಗ್ಬೊಗಳನ್ನು ಸ್ವಾಹಿಲಿಯಂಥ ಬಾಂಟು ಭಾಷೆಗಳಿರುವ ಬೆನ್ಯೂ-ಕಾಂಗೋ ಕವಲಿನತ್ತ ಸೇರಿಸುವುದು ರೂಢಿಯಾಯಿತು. ಕ್ರು ಮತ್ತು ಇಜೊಗಳೂ ಬೇರೆಯಾದವು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಉಳಿದ ಗುಂಪಾದರೂ ಗಟ್ಟಿಯೇ? ಘಾನಾ-ಟೋಗೋ ಗಡಿಯ ಬೆಟ್ಟಗಳ ಸಣ್ಣ ಭಾಷೆಗಳಲ್ಲಿ ನಾಮಪದಕ್ಕೆ ವರ್ಗಸೂಚಕ ಪೂರ್ವಪ್ರತ್ಯಯಗಳು, ಅಂದರೆ ಪದದ ಮೊದಲಲ್ಲಿ ಸೇರಿ ಅದು ಯಾವ ವರ್ಗದ್ದೆಂದು ತೋರಿಸುವ ತುಣುಕುಗಳು, ಇವೆ ಎಂದು ಓದಿದ್ದೇನೆ. ಎವೆಯಲ್ಲಿ ಅಂಥ ವ್ಯವಸ್ಥೆ ಇಲ್ಲವಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಅಕಾನ್‌ನಲ್ಲಿಯೂ ಅದರ ಕುರುಹು ಉಳಿದಿದೆ: ‘ದುಆ’ ಎಂದರೆ ಮರ, ‘ನ್ನುಆ’ ಎಂದರೆ ಮರಗಳು. ಆದರೆ ಈ ಪ್ರತ್ಯಯಗಳು ಕ್ವಾ, ಬೆನ್ಯೂ-ಕಾಂಗೋಗಳೆರಡೂ ಸೇರುವ ದೊಡ್ಡ ನೈಜರ್-ಕಾಂಗೋ ಕುಟುಂಬದ ಬಹು ಹಳೆಯ ಆಸ್ತಿ. ಅದನ್ನು ಉಳಿಸಿಕೊಂಡವೆಲ್ಲ ಒಂದೇ ಕವಲಿನವು ಎನ್ನಲಾಗದು, ಕಳೆದುಕೊಂಡವು ಹೊರಗಿನವು ಎಂದೂ ಅಲ್ಲ. ನಮ್ಮದೇ ಉದಾಹರಣೆ ನೋಡಿ. ಮೂಲ ದ್ರಾವಿಡದ ಕಕಾರ ಕನ್ನಡದ ‘ಕಿವಿ’ಯಲ್ಲಿ ಉಳಿದು, ತಮಿಳು ಮತ್ತು ತೆಲುಗುಗಳೆರಡರಲ್ಲೂ ಚಕಾರವಾಗಿದೆ, ಆದರೂ ತಮಿಳು ಹತ್ತಿರದ ಬಂಧುವಾಗಿರುವುದು ಕನ್ನಡಕ್ಕೇ, ತೆಲುಗಿಗಲ್ಲ. ಒಂದು ಕವಲನ್ನು ಸ್ಥಾಪಿಸಲು ಆ ಕವಲಿನಲ್ಲಿಯೇ ಹುಟ್ಟಿದ, ಒಡನಾಟದಿಂದ ಬಂದದ್ದಲ್ಲವೆಂದು ತೋರಿಸಬಹುದಾದ ಬದಲಾವಣೆಗಳು ಬೇಕು. ಅಕಾನ್, ಬೌಲೆ, ಎನ್ಜೆಮಾಗಳಿರುವ ತಾನೊ ಉಪಗುಂಪಿಗೆ ಅಂಥ ಆಧಾರ ಚೆನ್ನಾಗಿದೆ. ಭಾಷಾವಿಜ್ಞಾನಿ ಜಾನ್ ಸ್ಟೀವರ್ಟ್ ದಶಕಗಳ ಕಾಲ ದುಡಿದದ್ದು ಈ ಭಾಗದಲ್ಲಿಯೇ. ಎವೆ, ಫೋನ್‌ಗಳಿರುವ ಗ್ಬೆ ಸಮೂಹವನ್ನು ಇವುಗಳ ಜೊತೆಗಿಡಬೇಕೇ, ಯೊರುಬಾ ಕಡೆಗೆ ತಳ್ಳಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದ್ದರಿಂದ ಕ್ವಾ ಎಂಬುದನ್ನು ಸದ್ಯಕ್ಕೆ ಸಾಬೀತಾದ ಕವಲೆಂದಲ್ಲ, ಪರೀಕ್ಷೆಯಲ್ಲಿರುವ ಪ್ರತಿಪಾದನೆಯೆಂದು ನಾನು ಓದುತ್ತೇನೆ.