4294967297 ಅವಿಭಾಜ್ಯವೇ? 313ರವರೆಗೆ ಭಾಗಿಸಿ ಸುಸ್ತಾಗಿದ್ದೇನೆ

ತಿಪಟೂರು ಅಂಗಡಿ:
ನಮಸ್ಕಾರ. ಕೊಬ್ಬರಿ ಮಂಡಿ ಹತ್ತಿರ ನನ್ನದೊಂದು ಪುಟ್ಟ ಹಾರ್ಡ್‌ವೇರ್ ಅಂಗಡಿ. ಗಣಿತ ಓದಿದ್ದು ಪಿಯುಸಿವರೆಗೆ ಮಾತ್ರ. ಹತ್ತನೇ ಕ್ಲಾಸಿನ ಮಗಳು "ಅಪ್ಪಾ, 4294967297 ಅವಿಭಾಜ್ಯ ಸಂಖ್ಯೆನಾ ಹೇಳು ನೋಡೋಣ" ಅಂತ ಸವಾಲು ಹಾಕಿ ಟ್ಯೂಷನ್‌ಗೆ ಹೋದಳು. 429 ಕೋಟಿ ಚಿಲ್ಲರೆ! ಕೊನೆಗೆ 7 ಇದೆ, ಹಾಗಾಗಿ 2, 5 ಇಲ್ಲ. ಅಂಕಿಗಳ ಮೊತ್ತ 59, ಅಲ್ಲಿಗೆ 3 ಕೂಡ ಹೋಯಿತು. ಆಮೇಲೆ ಕ್ಯಾಲ್ಕುಲೇಟರ್ ಹಿಡಿದು 7, 11, 13 ಅಂತ ಒಂದೊಂದೇ ಭಾಗಿಸುತ್ತ, ನಡುವೆ ಗಿರಾಕಿಗೆ ಮೊಳೆ ತೂಗಿ ಕೊಡುತ್ತ 313ಕ್ಕೆ ಬಂದಿದ್ದೇನೆ. ಪ್ರತಿ ಸಲ ಪಾಯಿಂಟ್ ಆದಮೇಲೆ ಏನೋ ಉಳಿದೇ ಉಳಿಯುತ್ತೆ. ಅವಿಭಾಜ್ಯ ಅಂತ ಹೇಳಿಬಿಡಲಾ?

ನಿವೃತ್ತ ಮೇಷ್ಟ್ರು:
ಹೇಳಬೇಡಿ! ಫ್ರಾನ್ಸಿನ ಗಣಿತಜ್ಞ ಫರ್ಮಾ ಎಡವಿದ್ದೇ ಇಲ್ಲಿ. ನಿಮ್ಮ ಸಂಖ್ಯೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಘಾತ 32ರ ಬದಲು 1, 2, 4, 8, 16 ಇಟ್ಟರೆ ಬರುವ ಇದೇ ಜಾತಿಯ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಅಂತ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಆರನೆಯದನ್ನು, ಅಂದರೆ ನಿಮ್ಮದನ್ನು, ಒಡೆದು ತೋರಿಸಿದ.

ನಿಮ್ಮ ದಾರಿಯಲ್ಲೇ ಹೋಗಿ ಅವಿಭಾಜ್ಯ ಅಂತ ಖಾತ್ರಿ ಮಾಡಬೇಕಾದರೆ 65536ರ ಒಳಗಿನ 6542 ಅವಿಭಾಜ್ಯಗಳಿಂದಲೂ ಭಾಗಿಸಬೇಕು. ಮೊಳೆ ಮಾರಿದ ಹಾಗೇ! ಉಪಾಯ ಒಂದಿದೆ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 128ರಿಂದ ಭಾಗಿಸಿದರೆ 1 ಉಳಿಯಲೇಬೇಕು. (ಆಯ್ಲರ್‌ಗೆ ಗೊತ್ತಿದ್ದದ್ದು 64, ಅದನ್ನು 128ಕ್ಕೆ ಬಿಗಿ ಮಾಡಿದ್ದು ಆಮೇಲೆ ಬಂದ ಗಣಿತಜ್ಞ ಲ್ಯೂಕಾಸ್.) ಅಂದರೆ 129, 257, 385, 513, ಹೀಗೆ. ಇವುಗಳಲ್ಲಿ ಅವಿಭಾಜ್ಯ ಅಂದರೆ 257 ಒಂದೇ, ಅದು ನೀವಾಗಲೇ ನೋಡಿದ್ದೀರಿ. ಅದರ ಮುಂದಿನದನ್ನು ನೀವೇ ಒತ್ತಿ ನೋಡಿ.

ಕೋಡ್ ಬರೆಯೋನು:
ನಮ್ಮ ಕಡೆ ಇದು ಬೇರೆ ಕಾರಣಕ್ಕೆ ಪರಿಚಯ. ಇಂಟರ್ನೆಟ್‌ನಲ್ಲಿ ಕಂಪ್ಯೂಟರ್‌ಗಳನ್ನು ಗುರುತಿಸುವ ಐಪಿವಿ4 ವಿಳಾಸಗಳು ಒಟ್ಟು 4294967296. ಅಣ್ಣನವರ ಸಂಖ್ಯೆ ಅದಕ್ಕಿಂತ ಒಂದು ಜಾಸ್ತಿ. ಕಂಪ್ಯೂಟರಿನ ಚಿಹ್ನೆಯಿಲ್ಲದ 32 ಬಿಟ್ ಜಾಗಕ್ಕೆ (0ಯಿಂದ 4294967295ರವರೆಗೆ ಮಾತ್ರ ಹಿಡಿಸೋದು) ತುರುಕಿದರೆ ಸುತ್ತು ಹೊಡೆದು 1 ಆಗಿಬಿಡುತ್ತೆ.

ತಿಪಟೂರು ಅಂಗಡಿ:
641 ಒತ್ತಿದೆ. 6700417. ಪಾಯಿಂಟೇ ಇಲ್ಲ! ನಂಬಿಕೆ ಬರದೆ ವಾಪಸ್ ಗುಣಿಸಿದೆ, ಸರಿಯಾಗಿದೆ ಮೇಷ್ಟ್ರೇ. ಇನ್ನು ಈ 6700417 ಒಡೆಯುತ್ತಾ?

ನಿವೃತ್ತ ಮೇಷ್ಟ್ರು:
ಇಲ್ಲ, ಅದು ಅವಿಭಾಜ್ಯ. ಹಾಗಾಗಿ ಭಾಜಕಗಳು ನಾಲ್ಕೇ. ತನ್ನನ್ನು ಬಿಟ್ಟು ಉಳಿದ ಮೂರರ ಮೊತ್ತ 6701059. ಸಂಖ್ಯೆಯ ಮುಂದೆ ಇದು ಚಿಲ್ಲರೆ ಕಾಸು, ಆದ್ದರಿಂದ ಇದು ಕೊರತೆಯ ಸಂಖ್ಯೆಗಳ ಗುಂಪಿಗೆ ಸೇರುತ್ತೆ. ಅದೇನು ದೊಡ್ಡದಲ್ಲ, ಬಿಡಿ. ನನಗೆ ಇಷ್ಟವಾದದ್ದು ಇನ್ನೊಂದು: 65536ರ ವರ್ಗಕ್ಕೆ 1ರ ವರ್ಗ ಕೂಡಿಸಿದರೂ ಇದೇ ಸಂಖ್ಯೆ, 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದರೂ ಇದೇ. ಹೀಗೆ ಎರಡು ಬಗೆಯಲ್ಲಿ ವರ್ಗಗಳ ಮೊತ್ತವಾಗುವ ಸಂಖ್ಯೆ ಅವಿಭಾಜ್ಯ ಆಗಲಾರದು. ಭಾಜಕ ಹುಡುಕದೆಯೇ ತೀರ್ಪು ಕೊಡಬಹುದು.

ತಿಪಟೂರು ಅಂಗಡಿ:
ಮಗಳು ಬಂದಳು. "641" ಅಂದೆ. "ಗೂಗಲ್ ನೋಡಿದ್ಯಾ?" ಅಂದಳು. ಬಿಲ್ ಬುಕ್ಕಿನ ಹಿಂದೆ ಬರೆದಿದ್ದ ಲೆಕ್ಕ ಪೂರ್ತಿ ತೋರಿಸಿದೆ. ಬೆರಳಿಟ್ಟು ಓದಿ, "283 ಎರಡು ಸಲ ಭಾಗಿಸಿದ್ದೀಯಲ್ಲಪ್ಪಾ" ಅಂದಳು.